ಆರರ ಗುಂಪಿನ ನೀರು: ನಿಜವೆಷ್ಟು, ವ್ಯಾಪಾರವೆಷ್ಟು?

ಇತ್ತೀಚೆಗೆ ಒಂದು ಶುಕ್ರವಾರ ಜುಮಾ ಮುಗಿಸಿ ಹೊರಬರುವಾಗ ಮಸೀದಿಯ ಗೇಟಿನ ಬಳಿ ಯುವಕನೊಬ್ಬ ಕರಪತ್ರ ಹಂಚುತ್ತಿದ್ದ. ಕುಡಿಯುವ ನೀರಿನ ಯಂತ್ರವೊಂದರ ಜಾಹೀರಾತು ಅದು. ನಲ್ಲಿಯಲ್ಲಿ ಬರುವ ನೀರಿನ ಅಣುಗಳು ದೊಡ್ಡ ದೊಡ್ಡ ಗುಂಪುಗಳಾಗಿ ಗಂಟು ಕಟ್ಟಿಕೊಂಡಿರುತ್ತವೆ, ಆದ್ದರಿಂದ ಅದು ಜೀವಕೋಶದೊಳಗೆ ಸರಿಯಾಗಿ ಇಳಿಯುವುದಿಲ್ಲ. ನಮ್ಮ ಯಂತ್ರ ಆ ಗಂಟುಗಳನ್ನು ಒಡೆದು ಆರಾರು ಅಣುಗಳ ಗುಂಪು ಮಾಡುತ್ತದೆ. ಅಂಥ ನೀರು ಕುಡಿದರೆ ಸಕ್ಕರೆ ಕಾಯಿಲೆ, ಮಂಡಿನೋವು, ಗ್ಯಾಸ್ಟ್ರಿಕ್ ಎಲ್ಲವೂ ಹತೋಟಿಗೆ ಬರುತ್ತವೆ ಎಂದು ಅದರಲ್ಲಿ ಬರೆದಿತ್ತು. ಪಕ್ಕದಲ್ಲಿ ಆರು ಮೂಲೆಯ ಒಂದು ಚಂದದ ಚಿತ್ರ. ಬೆಲೆ ಹತ್ತಾರು ಸಾವಿರ ರೂಪಾಯಿ. ಕಂತಿನಲ್ಲಿಯೂ ಕೊಡುತ್ತಾರಂತೆ.

ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿರುವ ಹಿರಿಯರೊಬ್ಬರು ಆ ಕರಪತ್ರವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ನಮ್ಮ ಬಳಿ ಬಂದರು. ನಮ್ಮಲ್ಲೊಬ್ಬರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಅವರನ್ನು ನೋಡಿ, "ನೀರಿನ ಅಣುಗಳು ಆರಾರು ಸೇರಿ ಗುಂಪಾಗುತ್ತವೆ ಅಂತ ವಿಜ್ಞಾನಿಗಳೇ ಕಂಡುಹಿಡಿದಿದ್ದಾರಂತಲ್ಲ, ಹೌದಾ ಮಾಷ್ಟ್ರೇ? ಈ ನೀರು ಕುಡಿದರೆ ಮಾತ್ರೆ ಬಿಡಬಹುದು ಅಂತಾನೆ ಆ ಹುಡುಗ" ಎಂದರು.

ಅಲ್ಲೇ ನಿಂತು "ಸುಳ್ಳು" ಎಂದು ಹೇಳಿಬಿಡಬಹುದಿತ್ತು. ಆದರೆ ಅವರ ಪ್ರಶ್ನೆಯ ಮೊದಲ ಭಾಗ ಸುಳ್ಳಲ್ಲ. ನೀರಿನ ಆರು ಅಣುಗಳ ಗುಂಪನ್ನು ವಿಜ್ಞಾನಿಗಳು ನಿಜವಾಗಿಯೂ ಕಂಡಿದ್ದಾರೆ, ಅದರ ಆಕಾರವನ್ನೂ ಗುರುತಿಸಿದ್ದಾರೆ. ಅರ್ಧ ಸತ್ಯದ ತೊಂದರೆಯೇ ಇದು. ಪೂರ್ತಿ ಸುಳ್ಳನ್ನು ಬೇಗ ಗುರುತಿಸಬಹುದು. ಅರ್ಧ ಸತ್ಯವನ್ನು ಬಿಡಿಸಬೇಕಾದರೆ ಉಳಿದರ್ಧವನ್ನೂ ತಿಳಿದಿರಬೇಕು. ಆ ಉಳಿದರ್ಧ ಏನೆಂದು ಈ ಲೇಖನದಲ್ಲಿ ವಿವರಿಸುತ್ತೇವೆ.

ಎರಡು ಬಗೆಯ ಹಿಡಿತ

ನೀರಿನ ಒಂದು ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಜಲಜನಕ ಪರಮಾಣುಗಳಿವೆ ಎಂದು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. ಆ ಮೂರನ್ನು ಒಟ್ಟಿಗೆ ಹಿಡಿದಿರುವ ಬಂಧ ಬಹಳ ಗಟ್ಟಿ. ನೀರನ್ನು ಎಷ್ಟು ಕುದಿಸಿದರೂ ಅದು ಹರಿಯುವುದಿಲ್ಲ. ಕುದಿಯುವ ನೀರಿನಿಂದ ಏಳುವ ಹಬೆಯೂ ನೀರೇ.

ಹಾಗಾದರೆ ಕುದಿಯುವಾಗ ಬಿಟ್ಟುಹೋಗುವುದು ಯಾವುದು? ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವೆ ಇದ್ದ ಹಿಡಿತ. ಇದು ಬೇರೆಯೇ ಬಗೆಯದು. ನೀರಿನ ಅಣುವಿನಲ್ಲಿ ಜಲಜನಕದ ಕಡೆ ಸ್ವಲ್ಪ ಧನ ವಿದ್ಯುದಂಶ, ಆಮ್ಲಜನಕದ ಕಡೆ ಸ್ವಲ್ಪ ಋಣ ವಿದ್ಯುದಂಶ ಇರುತ್ತದೆ. ಒಂದು ಅಣುವಿನ ಜಲಜನಕ ಇನ್ನೊಂದರ ಆಮ್ಲಜನಕದ ಕಡೆ ವಾಲುತ್ತದೆ. ಇದನ್ನು ಹೈಡ್ರೋಜನ್ ಬಂಧ ಎನ್ನುತ್ತಾರೆ.

ಇವೆರಡರ ಬಲವನ್ನು ಹೋಲಿಸಿ ನೋಡೋಣ. ನೀರಿನ ಅಣುವಿನೊಳಗಿಂದ ಒಂದು ಜಲಜನಕವನ್ನು ಕಿತ್ತು ತೆಗೆಯಲು ಮೋಲ್ ಒಂದಕ್ಕೆ ಸುಮಾರು 490 ಕಿಲೋಜೂಲ್ ಶಕ್ತಿ ಬೇಕು. ಎರಡು ನೀರಿನ ಅಣುಗಳ ಜೋಡಿಯನ್ನು ಬಿಡಿಸಲು ಬೇಕಾದದ್ದು 13.2 ಕಿಲೋಜೂಲ್ ಮಾತ್ರ. ಅಂದರೆ ಒಳಗಿನ ಬಂಧ ಹೊರಗಿನ ಹಿಡಿತಕ್ಕಿಂತ ಸುಮಾರು 37 ಪಟ್ಟು ಗಟ್ಟಿ.

ಆದರೂ ನಮ್ಮ ಬದುಕು ನಡೆಯುವುದು ಆ ದುರ್ಬಲ ಹಿಡಿತದ ಮೇಲೆಯೇ. ಅದು ಇಲ್ಲದಿದ್ದರೆ ನೀರು ದ್ರವವಾಗಿ ಇರುತ್ತಲೇ ಇರಲಿಲ್ಲ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಇದರಿಂದಲೇ: ಮಡಕೆಯ ಮೈಯಿಂದ ಆವಿಯಾಗುವ ಪ್ರತಿಯೊಂದು ಅಣುವೂ ನೆರೆಯವರ ಹಿಡಿತದಿಂದ ಬಿಡಿಸಿಕೊಳ್ಳಲು ಒಳಗಿನ ಬಿಸಿಯನ್ನು ಖರ್ಚು ಮಾಡುತ್ತದೆ. ನಮ್ಮ ದೇಹದ ಡಿಎನ್‌ಎಯ ಎರಡು ಎಳೆಗಳನ್ನು ಜೋಡಿಸಿರುವುದರಲ್ಲೂ ಹೈಡ್ರೋಜನ್ ಬಂಧಗಳ ಪಾಲಿದೆ. ಅವು ದುರ್ಬಲವಾಗಿರುವುದರಿಂದಲೇ ಜೀವಕೋಶ ಒಡೆದು ಎರಡಾಗುವಾಗ ಆ ಎಳೆಗಳು ಬಿಚ್ಚಿಕೊಳ್ಳಬಲ್ಲವು.

ಮೇಷ್ಟ್ರೊಬ್ಬರ ಪ್ರಬಂಧ

ಅಣುಗಳ ನಡುವೆ ಇಂಥ ಎಳೆತ ಇದೆ ಎಂದು ಲೆಕ್ಕ ಕಟ್ಟಿ ತೋರಿಸಿದವರು ನೆದರ್‌ಲ್ಯಾಂಡ್ಸ್‌ನ ಯೊಹಾನ್ನೆಸ್ ಡಿಡೆರಿಕ್ ವಾನ್ ಡರ್ ವಾಲ್ಸ್. ಬಡಗಿಯ ಮಗ, ಶಾಲಾ ಮೇಷ್ಟ್ರು. ಲ್ಯಾಟಿನ್, ಗ್ರೀಕ್ ಕಲಿತಿಲ್ಲ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯದ ಪರೀಕ್ಷೆ ಬರೆಯಲು ಬಹುಕಾಲ ಅವರಿಗೆ ಅವಕಾಶವಿರಲಿಲ್ಲ. ಆ ನಿಯಮ ಸಡಿಲವಾದ ಮೇಲೆ 1873ರಲ್ಲಿ ಲೈಡನ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಿದರು. ಅನಿಲವೂ ದ್ರವವೂ ಒಂದೇ ವಸ್ತುವಿನ ಎರಡು ಸ್ಥಿತಿಗಳು. ಅಣುಗಳಿಗೆ ಗಾತ್ರವಿದೆ, ಅವುಗಳ ನಡುವೆ ಎಳೆತವಿದೆ ಎಂದು ಒಪ್ಪಿಕೊಂಡರೆ ಎರಡನ್ನೂ ಒಂದೇ ಸಮೀಕರಣದಲ್ಲಿ ವಿವರಿಸಬಹುದು ಎಂಬುದು ಅದರ ಸಾರ. ಅಣುಗಳು ಇವೆಯೇ ಎಂಬ ಬಗ್ಗೆಯೇ ವಿದ್ವಾಂಸರಲ್ಲಿ ಅನುಮಾನವಿದ್ದ ಕಾಲ ಅದು. 1910ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಒಂದು ಒಗಟು ಮಾತ್ರ ಉಳಿದಿತ್ತು. ನೀರಿನಲ್ಲಿ ಧನ, ಋಣ ಎಂಬ ಎರಡು ತುದಿಗಳಿವೆ, ಸರಿ. ಆದರೆ ಆರ್ಗಾನ್ ಎಂಬ ಅನಿಲದ ಪರಮಾಣು ಎಲ್ಲ ಕಡೆಯಿಂದಲೂ ಒಂದೇ ಸಮ, ಯಾವುದರ ಜೊತೆಗೂ ಸೇರುವುದಿಲ್ಲ. ಅದೂ ಸೊನ್ನೆಗಿಂತ 186 ಡಿಗ್ರಿ ಕೆಳಗೆ ದ್ರವವಾಗುತ್ತದೆ. ಅದರ ಪರಮಾಣುಗಳನ್ನು ಹಿಡಿದಿಡುವುದು ಏನು? 1930ರಲ್ಲಿ ಫ್ರಿಟ್ಜ್ ಲಂಡನ್ ಉತ್ತರ ಕೊಟ್ಟರು. ಪರಮಾಣುವಿನ ಸುತ್ತ ಇಲೆಕ್ಟ್ರಾನುಗಳು ಸದಾ ಅಲುಗುತ್ತಿರುತ್ತವೆ. ಒಂದು ಕ್ಷಣ ಒಂದು ಪಕ್ಕಕ್ಕೆ ವಾಲಿದಾಗ ಪಕ್ಕದ ಪರಮಾಣುವಿನ ಇಲೆಕ್ಟ್ರಾನುಗಳೂ ಅದಕ್ಕೆ ಹೊಂದಿಕೊಂಡು ವಾಲುತ್ತವೆ. ಈ ಕ್ಷಣಿಕ ವಾಲುವಿಕೆಯಿಂದಲೇ ಒಂದು ನಿರಂತರ ಎಳೆತ ಹುಟ್ಟುತ್ತದೆ.

ಎಳೆತ ಇದೆ ಎಂದು ಗೊತ್ತಾಯಿತು, ಯಾಕೆ ಇದೆ ಎಂದೂ ಗೊತ್ತಾಯಿತು. ಎರಡೇ ಎರಡು ಅಣುಗಳ ನಡುವೆ ಅದು ಎಷ್ಟಿದೆ, ಎಷ್ಟು ದೂರದಲ್ಲಿದೆ, ಯಾವ ದಿಕ್ಕಿನಲ್ಲಿದೆ ಎಂದು ನೇರವಾಗಿ ನೋಡುವುದು ಮಾತ್ರ ಆಗಿರಲಿಲ್ಲ.

ಲೋಟದ ನೀರಿನಲ್ಲಿ ಯಾಕೆ ನೋಡಲಾಗದು?

ಈದ್‌ನ ದಿನ ಈದ್ಗಾದಲ್ಲಿ ಸಾವಿರಾರು ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡು ಮಾತನಾಡುತ್ತಿರುತ್ತಾರೆ. ದೂರದ ಮಾಳಿಗೆಯ ಮೇಲೆ ನಿಂತವನಿಗೆ ಕೇಳಿಸುವುದು ಒಟ್ಟು ಗದ್ದಲ. ಅದರಲ್ಲಿ ಇಬ್ಬರು ಗೆಳೆಯರು ಏನು ಮಾತನಾಡಿಕೊಂಡರು ಎಂದು ತಿಳಿಯಲಾದೀತೆ? ಒಂದು ಗುಟುಕು ನೀರಿನಲ್ಲಿ, ಅಂದರೆ 18 ಗ್ರಾಮಿನಲ್ಲಿ, 6ರ ಮುಂದೆ 23 ಸೊನ್ನೆ ಹಾಕಿದಷ್ಟು ಅಣುಗಳಿವೆ. ಪ್ರತಿಯೊಂದೂ ನೆರೆಯವುಗಳ ಜೊತೆ ಹಿಡಿದುಕೊಳ್ಳುತ್ತ, ಬಿಡುತ್ತ ಇರುತ್ತದೆ. ಅಲ್ಲಿ ಅಳೆದರೆ ಸಿಗುವುದು ಎಲ್ಲದರ ಸರಾಸರಿ.

ಇನ್ನೊಂದು ಅಡ್ಡಿ ಬಿಸಿ. ನಮ್ಮ ಕೋಣೆಯ ಉಷ್ಣತೆಯಲ್ಲಿ ಅಣುಗಳ ಓಡಾಟದ ಶಕ್ತಿ ಮೋಲ್‌ಗೆ 2.5 ಕಿಲೋಜೂಲ್‌ನಷ್ಟು. ಎರಡು ಆರ್ಗಾನ್ ಪರಮಾಣುಗಳ ಹಿಡಿತ ಸುಮಾರು 1 ಕಿಲೋಜೂಲ್. ಅಂಥ ಜೋಡಿ ಕೂಡಿದರೂ ಮರುಕ್ಷಣ ಡಿಕ್ಕಿ ಹೊಡೆಸಿಕೊಂಡು ಚದುರಿಹೋಗುತ್ತದೆ.

ಆದ್ದರಿಂದ ಎರಡು ಕೆಲಸ ಏಕಕಾಲದಲ್ಲಿ ಆಗಬೇಕು. ಗುಂಪಿನಿಂದ ಎರಡು ಮೂರು ಅಣುಗಳನ್ನು ಬೇರ್ಪಡಿಸಿ ಒಂಟಿಯಾಗಿ ಇಡಬೇಕು. ಅವು ಚದುರದಂತೆ ತೀರಾ ತಣ್ಣಗಿಡಬೇಕು.

ಇದಕ್ಕೆ ಸಿಕ್ಕ ಉಪಾಯ ಸರಳ. ಸೈಕಲ್ ಟಯರಿನ ವಾಲ್ವ್ ಒತ್ತಿದರೆ ನುಗ್ಗಿ ಬರುವ ಗಾಳಿ ಬೆರಳಿಗೆ ತಣ್ಣಗೆ ತಾಗುತ್ತದೆ. ಪ್ರಯೋಗಾಲಯದಲ್ಲಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತಾರೆ. ಆರ್ಗಾನ್ ಅಥವಾ ಹೀಲಿಯಂ ಅನಿಲದಲ್ಲಿ ಚಿಟಿಕೆಯಷ್ಟು ನೀರಾವಿ ಬೆರೆಸಿ, ಒತ್ತಡ ಕೊಟ್ಟು, ಒಂದು ಮಿಲಿಮೀಟರಿಗಿಂತ ಸಣ್ಣ ರಂಧ್ರದ ಮೂಲಕ ಗಾಳಿಯೇ ಇಲ್ಲದ ಪಾತ್ರೆಯೊಳಕ್ಕೆ ಚಿಮ್ಮಿಸುತ್ತಾರೆ. ಒಳಗೆ ದಿಕ್ಕಾಪಾಲಾಗಿ ಓಡಾಡುತ್ತಿದ್ದ ಅಣುಗಳೆಲ್ಲ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡತೊಡಗುತ್ತವೆ. ಹೆದ್ದಾರಿಯಲ್ಲಿ ಅಕ್ಕಪಕ್ಕ ಒಂದೇ ವೇಗದಲ್ಲಿ ಹೋಗುವ ಎರಡು ಬಸ್ಸುಗಳ ಪ್ರಯಾಣಿಕರಿಗೆ ಪಕ್ಕದ ಬಸ್ಸು ನಿಂತಂತೆ ಕಾಣುತ್ತದಲ್ಲವೇ? ಹಾಗೆಯೇ ಈ ಅಣುಗಳು ಸೆಕೆಂಡಿಗೆ ನೂರಾರು ಮೀಟರ್ ಓಡುತ್ತಿದ್ದರೂ ಒಂದಕ್ಕೊಂದು ಹೋಲಿಸಿದರೆ ನಿಂತಂತೆ ಇರುತ್ತವೆ. ಉಷ್ಣತೆ ಎಂದರೆ ಅಣುಗಳು ಪರಸ್ಪರ ಹೋಲಿಕೆಯಲ್ಲಿ ಎಷ್ಟು ಓಡಾಡುತ್ತವೆ ಎಂಬುದರ ಅಳತೆಯೇ ತಾನೇ. ಆದ್ದರಿಂದ ಆ ಚಿಲುಮೆಯ ಉಷ್ಣತೆ ಸೊನ್ನೆಗಿಂತ ಸುಮಾರು 270 ಡಿಗ್ರಿ ಕೆಳಗಿಳಿಯುತ್ತದೆ. ಆ ಚಳಿಯಲ್ಲಿ ಪಕ್ಕಪಕ್ಕ ಬಂದ ಎರಡು ಮೂರು ಅಣುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಬಿಡಿಸಲು ಬೇರೆ ಡಿಕ್ಕಿಗಳಿರುವುದಿಲ್ಲ.

ಬೆಳಕಿನಿಂದ ಕೇಳುವ ಪ್ರಶ್ನೆ

ಹೀಗೆ ಹುಟ್ಟಿದ ಗುಂಪು ಕಣ್ಣಿಗೆ ಕಾಣದು, ಯಾವ ತಕ್ಕಡಿಗೂ ಸಿಗದು. ಪಾತ್ರೆಯ ಇನ್ನೊಂದು ಗೋಡೆಗೆ ಬಡಿಯುವವರೆಗೆ, ಅಂದರೆ ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು ಹೊತ್ತು, ಅದರ ಆಯುಸ್ಸು. ಅಷ್ಟರಲ್ಲಿ ಅದನ್ನು ವಿಚಾರಿಸಬೇಕು. ವಿಚಾರಿಸುವ ಸಾಧನವೇ ಲೇಸರ್.

1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದರು. ಮಾಮೂಲಿ ದೀಪದಲ್ಲಿ ನಾನಾ ಬಣ್ಣಗಳು ಬೆರೆತಿರುತ್ತವೆ. ಲೇಸರಿನದು ಒಂದೇ ಬಣ್ಣ. ಮುಂದೆ ಆ ಬಣ್ಣವನ್ನು ರೇಡಿಯೋದ ತಿರುಪು ತಿರುಗಿಸಿದಂತೆ ಸ್ವಲ್ಪ ಸ್ವಲ್ಪವೇ ಬದಲಾಯಿಸಬಲ್ಲ ಲೇಸರುಗಳೂ ಬಂದವು. ಅಣುಗಳು ಸಿಕ್ಕ ಬೆಳಕನ್ನೆಲ್ಲ ಹೀರುವುದಿಲ್ಲ. ತಮಗೆ ಹೊಂದುವ ತರಂಗಾಂತರವನ್ನು ಮಾತ್ರ ಹೀರುತ್ತವೆ. ಲೇಸರಿನ ಬಣ್ಣವನ್ನು ಬದಲಿಸುತ್ತ ಹೋಗಿ, ಎಲ್ಲೆಲ್ಲಿ ಬೆಳಕು ಹೀರಲ್ಪಟ್ಟಿತು ಎಂದು ಗುರುತು ಹಾಕಿಕೊಂಡರೆ ಗೆರೆಗಳ ಒಂದು ಸಾಲು ಸಿಗುತ್ತದೆ. ಅದೇ ಆ ಗುಂಪಿನ ರೋಹಿತ. ಈ ವಿದ್ಯೆಗೆ ಸ್ಪೆಕ್ಟ್ರೋಸ್ಕೋಪಿ ಎಂದು ಹೆಸರು.

ಆ ಗೆರೆಗಳಿಂದ ಮುಖ್ಯವಾಗಿ ಮೂರು ಸಂಗತಿ ತಿಳಿಯುತ್ತವೆ.

ಮೊದಲನೆಯದು ದೂರ. ಕೈ ಚಾಚಿಕೊಂಡು ಗಿರಗಿರನೆ ತಿರುಗುವ ಹುಡುಗ ನಿಧಾನವಾಗಿ ತಿರುಗುತ್ತಾನೆ, ಕೈ ಮಡಚಿಕೊಂಡರೆ ವೇಗ ಹೆಚ್ಚುತ್ತದೆ. ಗುಂಪಿನ ಅಣುಗಳು ಒಂದರಿಂದೊಂದು ದೂರವಿದ್ದಷ್ಟೂ ತಿರುಗುವಿಕೆಯ ಗೆರೆಗಳು ಒತ್ತೊತ್ತಾಗಿ ಬರುತ್ತವೆ. ಗೆರೆಗಳ ಅಂತರ ಅಳೆದು ಅಣುಗಳ ಅಂತರವನ್ನು ಲೆಕ್ಕ ಹಾಕಬಹುದು.

ಎರಡನೆಯದು ಹಿಡಿತದ ಗುರುತು. ಒಂಟಿ ನೀರಿನ ಅಣುವಿನಲ್ಲಿ ಜಲಜನಕದ ಒಂದು ಕಂಪನ 2.73 ಮೈಕ್ರೋಮೀಟರಿನ ಅವಕೆಂಪು ಬೆಳಕನ್ನು ಹೀರುತ್ತದೆ. ಅದೇ ಜಲಜನಕ ಪಕ್ಕದ ಅಣುವಿಗೆ ಕೈ ಕೊಟ್ಟ ಕೂಡಲೇ ಕಂಪನ ನಿಧಾನವಾಗಿ, ಗೆರೆ 2.78 ಮೈಕ್ರೋಮೀಟರಿನತ್ತ ಸರಿಯುತ್ತದೆ. ಗೆರೆ ಸರಿದಿದೆ ಎಂದರೆ ಯಾರೋ ಹಿಡಿದುಕೊಂಡಿದ್ದಾರೆ ಎಂದರ್ಥ.

ಮೂರನೆಯದು ಬಿಡಿಸುವ ಬೆಲೆ. ಇದು ಅಂಗಡಿಯ ಜಮಾಖರ್ಚಿನಂತೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹನ್ನಾ ರೈಸ್ಲರ್ ಅವರ ತಂಡ 2011ರಲ್ಲಿ ಹೀಗೆ ಮಾಡಿತು. ನೀರಿನ ಜೋಡಿಗೆ ಲೇಸರಿನಿಂದ ಮೋಲ್‌ಗೆ ಸುಮಾರು 43 ಕಿಲೋಜೂಲ್ ಲೆಕ್ಕದಲ್ಲಿ ಶಕ್ತಿ ಕೊಟ್ಟರು. ಜೋಡಿ ಒಡೆಯಿತು. ಎರಡು ತುಣುಕುಗಳು ಎಷ್ಟು ವೇಗವಾಗಿ ಹಾರಿದವು, ಎಷ್ಟು ತಿರುಗುತ್ತಿದ್ದವು ಎಂದು ಇನ್ನೊಂದು ಲೇಸರಿನಿಂದ ಅಳೆದರು. ಅವುಗಳ ಬಳಿ ಉಳಿದದ್ದು ಸುಮಾರು 30. ಕೊಟ್ಟದ್ದರಲ್ಲಿ ಉಳಿದದ್ದನ್ನು ಕಳೆದರೆ ಬಂದದ್ದೇ ಹಿಡಿತ ಬಿಡಿಸಲು ತಗುಲಿದ ಖರ್ಚು: 13.2. ಸಿದ್ಧಾಂತದಿಂದ ಲೆಕ್ಕ ಹಾಕಿದವರಿಗೂ ಇದೇ ಸಂಖ್ಯೆ ಬಂದಿತ್ತು.

ಒಂದೊಂದಾಗಿ ಸೇರಿಸುತ್ತ ಹೋದಾಗ

ಈ ವಿದ್ಯೆ ಒಂದೇ ದಿನದಲ್ಲಿ ಬೆಳೆದದ್ದಲ್ಲ. 1976ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಮಾಲಿ, ಡೊನಾಲ್ಡ್ ಲೆವಿ, ಲೆನಾರ್ಡ್ ವಾರ್ಟನ್ ಅವರು ಅಯೋಡಿನ್ ಅಣುವಿಗೆ ಒಂದೇ ಒಂದು ಹೀಲಿಯಂ ಪರಮಾಣು ಅಂಟಿಕೊಂಡಿದ್ದನ್ನು ಲೇಸರಿನಿಂದ ಕಂಡರು. ಯಾವುದಕ್ಕೂ ಅಂಟದ ಹೀಲಿಯಂ! ಅದರ ಹಿಡಿತ ನೀರಿನ ಜೋಡಿಯ ಹಿಡಿತಕ್ಕಿಂತ ಹತ್ತಾರು ಪಟ್ಟು ಕಡಿಮೆ. ಇದೇ ಸ್ಮಾಲಿ ಮುಂದೆ 60 ಇಂಗಾಲ ಪರಮಾಣುಗಳ ಚೆಂಡನ್ನು ಕಂಡುಹಿಡಿದವರಲ್ಲೊಬ್ಬರಾಗಿ 1996ರಲ್ಲಿ ನೊಬೆಲ್ ಪಡೆದರು. ಅದಕ್ಕೂ ಬಳಸಿದ್ದು ಲೇಸರ್ ಮತ್ತು ಇದೇ ಶೀತ ಚಿಲುಮೆ.

ನೀರಿನ ಜೋಡಿಯ ರಚನೆ 1977ರ ಹೊತ್ತಿಗೆ ಮೈಕ್ರೋವೇವ್ ಮತ್ತು ರೇಡಿಯೋ ತರಂಗಗಳ ಪ್ರಯೋಗಗಳಿಂದ ಸ್ಪಷ್ಟವಾಗಿತ್ತು. ಎರಡು ಆಮ್ಲಜನಕಗಳ ನಡುವಿನ ದೂರ 0.298 ನ್ಯಾನೋಮೀಟರ್. ಆಮೇಲೆ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ರಿಚರ್ಡ್ ಸೇಕಲಿ ಅವರ ತಂಡ ಅತಿ ಉದ್ದ ತರಂಗಾಂತರದ ಅವಕೆಂಪು ಲೇಸರ್ ಬಳಸಿ ಮುಂದಿನ ಲೆಕ್ಕ ಶುರುಮಾಡಿತು. ಅಣುಗಳ ನಡುವಿನ ಹಿಡಿತ ಹಿಗ್ಗಿ ಕುಗ್ಗುವ ನಿಧಾನದ ಕಂಪನವನ್ನೇ ಆ ಬೆಳಕು ನೇರವಾಗಿ ಮುಟ್ಟುತ್ತದೆ. 1992ರಲ್ಲಿ ಮೂರು ಅಣುಗಳ ಗುಂಪು, ಬಳಿಕ ನಾಲ್ಕು, ಐದು, 1996ರಲ್ಲಿ ಆರು.

ಇಲ್ಲಿ ಕಂಡದ್ದು ಈ ವಿಷಯದ ತಿರುಳು. ಎರಡು ಅಣುಗಳ ನಡುವಿನ ಹಿಡಿತ ಗೊತ್ತಾದರೆ ಮೂರರದ್ದು ಅದನ್ನೇ ಕೂಡಿಸಿದರೆ ಸಿಕ್ಕೀತು ಎಂದು ಯಾರಿಗಾದರೂ ಅನಿಸುತ್ತದೆ. ಹಾಗಾಗುವುದಿಲ್ಲ. ಮೂರನೆಯ ಅಣು ಬಂದು ಸೇರಿದಾಗ ಮೊದಲಿನ ಎರಡರ ವಿದ್ಯುದಂಶದ ಹಂಚಿಕೆಯೇ ಬದಲಾಗಿ, ಅವು ಒಂದನ್ನೊಂದು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಮೂರರ ಉಂಗುರದಲ್ಲಿ ಒಟ್ಟು ಹಿಡಿತದ ಸುಮಾರು ಆರನೇ ಒಂದು ಪಾಲು ಜೋಡಿ ಜೋಡಿಯಾಗಿ ಕೂಡಿಸಿದ ಲೆಕ್ಕದಲ್ಲಿ ಸಿಗುವುದೇ ಇಲ್ಲ ಎಂದು ಲೆಕ್ಕಾಚಾರಗಳು ತೋರಿಸುತ್ತವೆ. ಲೇಸರ್ ಅಳತೆಗಳೂ ಅದನ್ನೇ ಹೇಳಿದವು: ಗುಂಪು ದೊಡ್ಡದಾದಂತೆ ಅಣುಗಳ ನಡುವಿನ ದೂರ 0.298ರಿಂದ ಇಳಿಯುತ್ತ ಮಂಜುಗಡ್ಡೆಯಲ್ಲಿರುವ 0.276ರ ಹತ್ತಿರ ಬರುತ್ತದೆ. ಇಬ್ಬರ ನಡುವಿನ ಸಂಬಂಧ ಮೂರನೆಯವರು ಹತ್ತಿರವಿದ್ದಾಗ ಬೇರೆಯಾಗುತ್ತದೆ ಎಂಬುದು ಮನೆಮಂದಿಯ ನಡುವೆ ಬಾಳಿದ ನಮಗೆ ಹೊಸತಲ್ಲ. ನೀರಿನ ಅಣುಗಳಲ್ಲೂ ಹಾಗೆಯೇ ಎಂದು ಅಳೆದು ತೋರಿಸಲು ಇಷ್ಟು ಕಾಲ ಬೇಕಾಯಿತು.

ಆರರ ಗುಂಪಿನ ನಿಜ ರೂಪ

ಈಗ ಕರಪತ್ರದ ವಿಷಯಕ್ಕೆ ಬರೋಣ. ಮೂರು, ನಾಲ್ಕು, ಐದು ಅಣುಗಳ ಗುಂಪುಗಳು ಉಂಗುರದಂತಿರುತ್ತವೆ. ಆರಕ್ಕೆ ಬಂದಾಗ ಗುಂಪು ಚಪ್ಪಟೆಯಾಗಿ ಉಳಿಯುವುದಿಲ್ಲ, ಎದ್ದು ನಿಲ್ಲುತ್ತದೆ. 1996ರಲ್ಲಿ ಬರ್ಕ್‌ಲಿಯಲ್ಲಿ ಕಂಡದ್ದು ಪಂಜರದ ಆಕಾರ. 2012ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಬ್ರೂಕ್ಸ್ ಪೇಟ್ ಅವರ ತಂಡ ಮೈಕ್ರೋವೇವ್ ತರಂಗಗಳಿಂದ ನೋಡಿದಾಗ ಒಂದೇ ಚಿಲುಮೆಯಲ್ಲಿ ಮೂರು ಆಕಾರಗಳು ಸಿಕ್ಕವು: ಪಂಜರ, ಪಟ್ಟಕ, ಮತ್ತು ತೆರೆದಿಟ್ಟ ಪುಸ್ತಕ. ಇವುಗಳಲ್ಲಿ ಪಂಜರದ್ದು ಅತಿ ಕಡಿಮೆ ಶಕ್ತಿಯ ಸ್ಥಿತಿ.

ಕರಪತ್ರದಲ್ಲಿದ್ದ ಆರು ಮೂಲೆಯ ಉಂಗುರ? ಅದನ್ನೂ ಕಂಡಿದ್ದಾರೆ. 2000ದಲ್ಲಿ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಕ್ಲಾಸ್ ನೌಟಾ ಮತ್ತು ರೋಜರ್ ಮಿಲ್ಲರ್ ದ್ರವ ಹೀಲಿಯಂನ ಹನಿಯೊಳಗೆ ನೀರಿನ ಅಣುಗಳನ್ನು ಒಂದೊಂದಾಗಿ ಹಾಕಿದಾಗ ಉಂಗುರವಾಯಿತು. ಆ ಹನಿಯೊಳಗಿನ ಉಷ್ಣತೆ ನಿರಪೇಕ್ಷ ಸೊನ್ನೆಗಿಂತ ಅರ್ಧ ಡಿಗ್ರಿಯೂ ಮೇಲಿರುವುದಿಲ್ಲ. ಅಷ್ಟು ಚಳಿಯಲ್ಲಿ ಅಣುಗಳಿಗೆ ಹೊರಳಿ ಪಂಜರವಾಗುವಷ್ಟೂ ಶಕ್ತಿ ಉಳಿದಿರುವುದಿಲ್ಲ, ಆದ್ದರಿಂದ ಉಂಗುರವಾಗಿಯೇ ನಿಂತುಬಿಡುತ್ತವೆ. ಆ ಉಂಗುರಕ್ಕೆ ಅಂಥ ಅತಿಶೀತದ ಆಸರೆ ಬೇಕು.

ಮಂಜುಗಡ್ಡೆಯಲ್ಲೂ ಆರಾರು ಅಣುಗಳ ಉಂಗುರಗಳ ಜಾಲವಿದೆ, ನಿಜ. ಆರರ ಉಂಗುರವೇ ಔಷಧಿಯಾಗಿದ್ದರೆ ಐಸ್‌ಕ್ಯಾಂಡಿ ತಿನ್ನುವ ಮಕ್ಕಳಿಗೆ ಕಾಯಿಲೆಯೇ ಬರಬಾರದಿತ್ತು.

ಲೋಟದಲ್ಲಿರುವ ನೀರಿನ ಕಥೆ ಬೇರೆ. ಅಲ್ಲಿ ಒಂದು ಹೈಡ್ರೋಜನ್ ಬಂಧದ ಆಯುಸ್ಸು ಸುಮಾರು ಒಂದು ಪಿಕೋಸೆಕೆಂಡ್, ಅಂದರೆ ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು. ಹಿಡಿದ ಕೈ ಬಿಟ್ಟು ಬೇರೆ ಕೈ ಹಿಡಿಯುತ್ತಲೇ ಇರುತ್ತದೆ. ಇದನ್ನೂ ಲೇಸರಿನಿಂದಲೇ ಅಳೆದಿದ್ದಾರೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅತಿ ಕಿರು ಅವಧಿಯ ಅವಕೆಂಪು ಲೇಸರ್ ಮಿಡಿತಗಳಿಂದ ನೋಡಿದಾಗ, ದ್ರವ ನೀರಿನ ಬಂಧಜಾಲ ತಾನು ಹಿಂದೆ ಹೇಗಿದ್ದೆ ಎಂಬ ಗುರುತನ್ನು 50 ಫೆಮ್ಟೋಸೆಕೆಂಡಿಗೂ ಮೊದಲೇ ಕಳೆದುಕೊಳ್ಳುತ್ತದೆ ಎಂದು ಕಂಡುಬಂತು. ಒಂದು ಪಿಕೋಸೆಕೆಂಡ್ ಎಂದರೆ ಸಾವಿರ ಫೆಮ್ಟೋಸೆಕೆಂಡ್. ಯಂತ್ರ ನೀರನ್ನು ಯಾವ ಆಕಾರಕ್ಕೆ ಜೋಡಿಸಿದರೂ ನಲ್ಲಿಯಿಂದ ಲೋಟಕ್ಕೆ ಬೀಳುವಷ್ಟರಲ್ಲಿ ಆ ಜೋಡಣೆ ಕೋಟಿ ಕೋಟಿ ಸಲ ಅಳಿಸಿಹೋಗಿರುತ್ತದೆ.

ಜೀವಕೋಶಕ್ಕೆ ಬೇಗ ಇಳಿಯುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ. ಜೀವಕೋಶದ ಗೋಡೆಯಲ್ಲಿ ನೀರಿಗೆಂದೇ ಇರುವ ಸಣ್ಣ ಕಾಲುವೆಗಳಿಗೆ ಅಕ್ವಾಪೋರಿನ್ ಎಂದು ಹೆಸರು. ಅವನ್ನು ಕಂಡುಹಿಡಿದದ್ದಕ್ಕೆ ಪೀಟರ್ ಆಗ್ರೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಆ ಕಾಲುವೆ ಎಷ್ಟು ಕಿರಿದೆಂದರೆ ನೀರಿನ ಅಣುಗಳು ಒಂದರ ಹಿಂದೆ ಒಂದು ಸಾಲಾಗಿ ಮಾತ್ರ ದಾಟಬಲ್ಲವು. ಆರಾರು ಕೈ ಹಿಡಿದು ಬಂದರೂ ಬಾಗಿಲಲ್ಲಿ ಕೈ ಬಿಡಲೇಬೇಕು.

ಬೆಂಗಳೂರಿನ ಪಾಲು

ಈ ವಿದ್ಯೆ ನಮ್ಮ ರಾಜ್ಯಕ್ಕೂ ಅಪರಿಚಿತವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಇ. ಅರುಣನ್ ಇದೇ ಬಗೆಯ ಶೀತ ಚಿಲುಮೆಯ ಉಪಕರಣ ಕಟ್ಟಿದರು. ಲೇಸರಿನ ಬದಲು ಮೈಕ್ರೋವೇವ್ ತರಂಗಗಳಿಂದ ದುರ್ಬಲ ಬಂಧಗಳ ಗುಂಪುಗಳನ್ನು ಅಧ್ಯಯನ ಮಾಡಿದರು. ಹೈಡ್ರೋಜನ್ ಬಂಧ ಎಂದರೆ ನಿಖರವಾಗಿ ಏನು ಎಂದು ಹೊಸದಾಗಿ ವ್ಯಾಖ್ಯಾನಿಸಲು ರಸಾಯನಶಾಸ್ತ್ರದ ಅಂತಾರಾಷ್ಟ್ರೀಯ ಒಕ್ಕೂಟ ನೇಮಿಸಿದ ತಂಡಕ್ಕೆ ಅವರೇ ಮುಖ್ಯಸ್ಥರು. ಆ ವ್ಯಾಖ್ಯಾನ 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ನಮ್ಮ ಗಮನ ಸೆಳೆದದ್ದು ಒಂದು ಷರತ್ತು: ಬಂಧ ಉಂಟಾಗಿದೆ ಎಂಬುದಕ್ಕೆ ಪುರಾವೆ ಇರಬೇಕು. ರೋಹಿತದ ಗೆರೆ ಸರಿದಿರುವುದು ಅಂಥ ಪುರಾವೆಗಳಲ್ಲೊಂದು.

ಇಷ್ಟೆಲ್ಲ ಶ್ರಮ ಯಾತಕ್ಕೆ ಎಂದು ಕೇಳಬಹುದು. ಔಷಧಿಯ ಅಣು ದೇಹದ ಪ್ರೋಟೀನಿಗೆ ಅಂಟುವುದು ಬಹುಮಟ್ಟಿಗೆ ಇಂಥ ದುರ್ಬಲ ಹಿಡಿತಗಳಿಂದ. ಯಾವ ಅಣು ಎಲ್ಲಿ ಅಂಟೀತು ಎಂದು ಇಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕದ ಸೂತ್ರ ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಎರಡು, ಮೂರು, ಆರು ಅಣುಗಳ ಶುದ್ಧ ಅಳತೆಗಳು ಒರೆಗಲ್ಲಾಗುತ್ತವೆ. ವಾತಾವರಣದ ನೀರಾವಿಯಲ್ಲೂ ಒಂದು ಸಣ್ಣ ಪಾಲು ಜೋಡಿಯಾಗಿರುತ್ತದೆ. ಕೋಣೆಯ ಉಷ್ಣತೆಯಲ್ಲಿಯೇ ಅಂಥ ಜೋಡಿಗಳ ಗುರುತನ್ನು ರಷ್ಯಾದ ವಿಜ್ಞಾನಿಗಳು 2013ರಲ್ಲಿ ಹಿಡಿದರು. ಭೂಮಿಯ ಬಿಸಿಯನ್ನು ಲೆಕ್ಕ ಹಾಕುವವರಿಗೆ ಇದೂ ಬೇಕು.

ಓದುಗರಿಗೆ ನಮ್ಮದೊಂದು ಮಾತು. ಇಂಥ ಯಂತ್ರ ಮಾರಲು ಬಂದವರ ಜೊತೆ ಜಗಳ ಬೇಡ. ಮೂರು ಪ್ರಶ್ನೆ ಕೇಳಿ. ಈ ಆರರ ಗುಂಪನ್ನು ಯಾರು, ಯಾವ ಉಷ್ಣತೆಯಲ್ಲಿ ಕಂಡರು? ನನ್ನ ಲೋಟದಲ್ಲಿ ಅದು ಎಷ್ಟು ಹೊತ್ತು ಉಳಿಯುತ್ತದೆ? ಕಾಯಿಲೆ ಕಡಿಮೆಯಾದದ್ದನ್ನು ಯಾರು, ಹೇಗೆ ಅಳೆದರು? ವಿಜ್ಞಾನಿಗಳ ಹೆಸರು ಹೇಳಿದ ಮಾತ್ರಕ್ಕೆ ವಿಜ್ಞಾನವಾಗುವುದಿಲ್ಲ. ಎರಡು ಅಣುಗಳ ನಡುವಿನ ಒಂದು ಸಂಖ್ಯೆಯನ್ನು ಖಚಿತಪಡಿಸಿಕೊಳ್ಳಲು ಹತ್ತಾರು ವರ್ಷ ಕಾದವರ ಶ್ರಮವನ್ನು ಒಂದು ಕರಪತ್ರದ ಚಿತ್ರಕ್ಕೆ ಬಳಸಿಕೊಳ್ಳುವುದು ಅವರಿಗೂ ಅನ್ಯಾಯ, ಕಾಯಿಲೆಯಿಂದ ಬಳಲುವವರಿಗೂ ಅನ್ಯಾಯ.

ಆ ಹಿರಿಯರಿಗೆ ನಾವು ಇಷ್ಟನ್ನೂ ಹೇಳಲಿಲ್ಲ. ಹೌಝ್‌ನ ಕಟ್ಟೆಯ ಮೇಲೆ ಕುಳಿತು ಸಾಧ್ಯವಾದಷ್ಟು ಹೇಳಿದೆವು. ಮುಖ್ಯವಾಗಿ, ವೈದ್ಯರನ್ನು ಕೇಳದೆ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಬೇಡಿ ಎಂದೆವು. ಅವರು ಕರಪತ್ರವನ್ನು ಜೇಬಿನಿಂದ ತೆಗೆದು ಇನ್ನೊಮ್ಮೆ ನೋಡಿ, "ಹಾಗಾದರೆ ನಮ್ಮ ಬಾವಿ ನೀರಿಗೆ ಏನೂ ಕಡಿಮೆಯಿಲ್ಲ ಅಂತಾಯ್ತು" ಎಂದರು.

ಅಣುಗಳ ಲೆಕ್ಕದಲ್ಲಿ ಏನೂ ಕಡಿಮೆಯಿಲ್ಲ ಎಂದೆವು. ಆದರೆ ಮಳೆಗಾಲ ಬಂದಿದೆ. ಬಾವಿ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಕುದಿಸಿ ಆರಿಸಿ ಕುಡಿಯಿರಿ. ಅದಕ್ಕೆ ಹತ್ತಾರು ಸಾವಿರ ಬೇಕಾಗಿಲ್ಲ.